ಹಣ್ಣು ತಿಂದ ಹಕ್ಕಿಗೆ ಏನಾಗಿದೆ? ಪಂಜರದ ಕಾಗದ ನೋಡಿ ದೋಷ ಹುಡುಕುವ ಬಗೆ

ಏಪ್ರಿಲ್ ಬಂದರೆ ಸಾಕು, ನಮ್ಮ ಓಣಿಯ ಯಾರಾದರೊಬ್ಬರು ಗಾಬರಿಯಿಂದ ಬಾಗಿಲು ತಟ್ಟುತ್ತಾರೆ. ಹಿಂದಿನ ಸಂಜೆ ಹಕ್ಕಿಗೆ ಕಲ್ಲಂಗಡಿ ಹಾಕಿರುತ್ತಾರೆ, ಬೆಳಗಾಗುವಷ್ಟರಲ್ಲಿ ಭೇದಿ ಹತ್ತಿದೆ, ಯಾವ ಗುಳಿಗೆ ಕೊಡಬೇಕು ಎಂದು ಕೇಳುತ್ತಾರೆ. ನಾನು ಪಶುವೈದ್ಯನಲ್ಲ. ಧಾರವಾಡದ ಮನೆಯಲ್ಲಿ 12 ವರ್ಷಗಳಿಂದ ಹಕ್ಕಿ ಸಾಕಿಕೊಂಡು ಬಂದವನು, ಅಷ್ಟೇ. ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿ ಕಲಿತದ್ದು ಒಂದು: ಗುಳಿಗೆ ಹುಡುಕುವ ಮೊದಲು ಪಂಜರದ ತಳಕ್ಕೆ ಹಾಸಿದ ಕಾಗದವನ್ನು ನೋಡಬೇಕು. ಭೇದಿ ಎಂದು ಹೇಳಿಕೊಂಡು ಬಂದವುಗಳಲ್ಲಿ ಹೆಚ್ಚಿನವು ಭೇದಿಯೇ ಆಗಿರುವುದಿಲ್ಲ. ಸುಮ್ಮನೆ ತೂಕಡಿಸುತ್ತಿದೆ ಎಂದು ಬಿಟ್ಟ ಹಕ್ಕಿಗೇ ಕೆಲವೊಮ್ಮೆ ನಿಜವಾದ ಕಾಯಿಲೆ ಇರುತ್ತದೆ.

ಇಲ್ಲಿ ಹೇಳುವುದೆಲ್ಲ ನಮ್ಮಲ್ಲಿ ಲವ್‌ಬರ್ಡ್ಸ್ ಎಂದೇ ಮಾರುವ ಬಜರಿಗಾರ್, ನಿಜವಾದ ಲವ್‌ಬರ್ಡ್ ಮತ್ತು ಕಾಕಟೀಲ್ ಹಕ್ಕಿಗಳ ವಿಚಾರ. ಕೆಂಪು ಕೊಕ್ಕಿನ ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದರ ಜಾಗ ನವಲೂರಿನ ಪೇರಲ ತೋಟ.

ಈ ಲಕ್ಷಣಗಳಿದ್ದರೆ ಮುಂದೆ ಓದಬೇಡಿ, ಹೊರಡಿ

ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ನೆಲದ ಮೇಲೆ ಕುಳಿತಿದೆ. ಬಾಯಿ ತೆರೆದು ಉಸಿರಾಡುತ್ತಿದೆ, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆ. ಕೋಲಿನ ಮೇಲೆ ನಿಲ್ಲಲಾರದೆ ವಾಲುತ್ತಿದೆ ಅಥವಾ ನಡುಗುತ್ತಿದೆ. ಹಿಕ್ಕೆಯಲ್ಲಿ ರಕ್ತ ಕಾಣುತ್ತಿದೆ, ಇಲ್ಲವೇ ಹಿಕ್ಕೆ ಡಾಂಬರಿನಂತೆ ಕಪ್ಪಾಗಿ ಅಂಟುತ್ತಿದೆ. ಬೆಣ್ಣೆಹಣ್ಣು ತಿಂದಿರಬಹುದು ಎಂಬ ಅನುಮಾನವಿದೆ. ಇವುಗಳಲ್ಲಿ ಒಂದೇ ಒಂದು ಇದ್ದರೂ ಇವತ್ತೇ ಪಶುವೈದ್ಯರಿಗೆ ತೋರಿಸಬೇಕು, ನಾಳೆಗೆ ಇಡಬಾರದು.

ಇಷ್ಟು ಅವಸರ ಏಕೆಂದರೆ ಹಕ್ಕಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿದ ಹಕ್ಕಿಯೇ ಮೊದಲು ಬೇಟೆಯಾಗುವುದು. ಹಾಗಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆಗೆ ಹಲವು ದಿನಗಳಾಗಿರುತ್ತವೆ. ನನ್ನ ಮೊದಲ ಬಜರಿಗಾರ್, ತಿಳಿನೀಲಿ ಬಣ್ಣದ್ದು, ಒಂದು ಮಧ್ಯಾಹ್ನ ಬೆನ್ನಿನ ಗರಿಯಲ್ಲಿ ಕೊಕ್ಕು ಹುದುಗಿಸಿ ಎರಡೂ ಕಾಲೂರಿ ಕುಳಿತಿತ್ತು. ನಿದ್ದೆ ಎಂದುಕೊಂಡೆ. ಆರಾಮವಾಗಿರುವ ಹಕ್ಕಿ ಸಾಮಾನ್ಯವಾಗಿ ಒಂದು ಕಾಲು ಮಡಚಿ ನಿದ್ರಿಸುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಪಂಜರದ ಬಟ್ಟೆ ಸರಿಸಿದಾಗ ಅದು ಕೆಳಗೆ ಬಿದ್ದಿತ್ತು. ಅದನ್ನು ನೆನೆದೇ ಈ ಭಾಗವನ್ನು ಮೊದಲಿಗೆ ಇಟ್ಟಿದ್ದೇನೆ.

ಲಕ್ಷಣ: ಹಿಕ್ಕೆ ನೀರು ನೀರಾಗಿದೆ

ಹಣ್ಣು ಹಾಕುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ.

ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ. ಹಸಿರು ಅಥವಾ ಕಂದು ಬಣ್ಣದ ಗಟ್ಟಿ ಸುರುಳಿಯೇ ಮಲ. ಅದರ ಮೇಲೋ ಪಕ್ಕದಲ್ಲೋ ಸುಣ್ಣ ಹಚ್ಚಿದಂತೆ ಕಾಣುವ ಬಿಳಿ ಭಾಗ ಯೂರಿಕ್ ಆಮ್ಲದ್ದು. ಸುತ್ತಲೂ ಕಾಗದ ಹೀರಿಕೊಳ್ಳುವ ತಿಳಿನೀರು ಮೂತ್ರ. ಮೂರೂ ಒಂದೇ ದ್ವಾರದಿಂದ ಒಟ್ಟಿಗೇ ಬೀಳುವುದರಿಂದ ನಮಗೆ ಒಂದೇ ವಸ್ತುವಾಗಿ ಕಾಣುತ್ತದೆ. ಕಲ್ಲಂಗಡಿ, ದ್ರಾಕ್ಷಿ, ಮೋಸಂಬಿಯಂತಹ ರಸದ ಹಣ್ಣು ತಿಂದಾಗ ಹೆಚ್ಚಾಗುವುದು ಮೂರನೆಯ ಭಾಗ ಮಾತ್ರ. ಹೆಚ್ಚು ನೀರು ಒಳಗೆ ಹೋಯಿತು, ಹೆಚ್ಚು ನೀರು ಹೊರಗೆ ಬಂತು. ಅದು ಕಾಯಿಲೆಯಲ್ಲ.

ಖರ್ಚಿಲ್ಲದ ಪರೀಕ್ಷೆ ಇದು. ಪಂಜರದ ತಳದಲ್ಲಿ ಹೊಸ ಬಿಳಿ ಕಾಗದ ಹಾಸಿ ಒಂದು ಗಂಟೆ ಬಿಡಿ. ಅಚ್ಚಾದ ಪತ್ರಿಕೆಗಿಂತ ಖಾಲಿ ಹಾಳೆಯಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ. ಕಾಗದ ಹೊರತೆಗೆದು ಕಾಲು ಗಂಟೆ ಒಣಗಲು ಬಿಟ್ಟು ನೋಡಿ. ನೀರಿನ ದುಂಡು ಕಲೆಯ ನಡುವೆ ಮಲದ ಸುರುಳಿ ತನ್ನ ಆಕಾರದಲ್ಲೇ ಕುಳಿತಿದ್ದರೆ ಅದು ಹಣ್ಣಿನ ನೀರು. ಸುರುಳಿಯೇ ಇಲ್ಲದೆ ಎಲ್ಲವೂ ಕಲಸಿದ ಹಿಟ್ಟಿನಂತೆ ಹರಡಿದ್ದರೆ, ವಾಸನೆ ಬರುತ್ತಿದ್ದರೆ, ಬಾಲದ ಕೆಳಗಿನ ಗರಿಗಳು ಅಂಟಿ ಗಂಟು ಕಟ್ಟಿದ್ದರೆ ಅದು ನಿಜವಾದ ಭೇದಿ.

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಒಬ್ಬ ತಾಯಿ ತಮ್ಮ ಮಗನ ಕಾಕಟೀಲ್ ತಂದಿದ್ದರು. ಪಂಜರದ ಕಾಗದವನ್ನೂ ಸುತ್ತಿಕೊಂಡು ಬಂದಿದ್ದರು, ಅದು ಅವರ ಬುದ್ಧಿವಂತಿಕೆ. ಬಿಚ್ಚಿ ನೋಡಿದರೆ ಎಂಟಾಣೆಯಗಲದ ಒಣಗಿದ ಕಲೆಗಳು, ಪ್ರತಿಯೊಂದರ ನಡುವೆಯೂ ಗಟ್ಟಿಯಾದ ಹಸಿರು ಸುರುಳಿ, ಅದರ ತುದಿಗೆ ಬಿಳಿ ಚುಕ್ಕೆ. ಹಕ್ಕಿ ಪಂಜರದ ಸರಳು ಕಚ್ಚುತ್ತಾ ಶಿಳ್ಳೆ ಹಾಕುತ್ತಿತ್ತು. ಅಷ್ಟರಲ್ಲಿ ಯಾರೋ ಹೇಳಿದರೆಂದು ಮನುಷ್ಯರ ಭೇದಿಯ ಗುಳಿಗೆಯ ಕಾಲು ಭಾಗವನ್ನು ಪುಡಿ ಮಾಡಿ ಇಟ್ಟುಕೊಂಡಿದ್ದರು. 90 ಗ್ರಾಂ ತೂಗುವ ಜೀವಕ್ಕೆ ಕಾಲು ಗುಳಿಗೆ ಎಂದರೆ ಬಹಳ ಹೆಚ್ಚು. ದಯವಿಟ್ಟು ಮನುಷ್ಯರ ಔಷಧಿಯನ್ನು ಯಾವ ಅಳತೆಯಲ್ಲೂ ಕೊಡಬೇಡಿ.

ಹಣ್ಣಿನ ನೀರು ಎಂದು ಖಚಿತವಾದರೆ ಒಂದು ದಿನ ಹಣ್ಣು ನಿಲ್ಲಿಸಿ, ಕಾಳು ಮತ್ತು ನೀರು ಎಂದಿನಂತೆ ಕೊಡಿ. ಮರುದಿನದೊಳಗೆ ಕಾಗದ ಮೊದಲಿನಂತಾಗುತ್ತದೆ. ಕುಡಿಯುವ ನೀರನ್ನು ಎಂದೂ ತೆಗೆಯಬೇಡಿ. ಹಣ್ಣು ನಿಲ್ಲಿಸಿ 24 ಗಂಟೆಗಳಾದರೂ ನೀರು ಕಡಿಮೆಯಾಗದಿದ್ದರೆ ಕಾರಣ ಹಣ್ಣಲ್ಲ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರಬಹುದು, ವೈದ್ಯರೇ ನೋಡಬೇಕು. ಬೆಳಗಿನ ಮೊದಲ ಹಿಕ್ಕೆ ದೊಡ್ಡದಾಗಿರುವುದು ಮತ್ತು ಮೊಟ್ಟೆಯಿಡುವ ಹೆಣ್ಣು ಹಕ್ಕಿ ದೊಡ್ಡ ಹಿಕ್ಕೆ ಹಾಕುವುದು ಸಹಜ, ಅದಕ್ಕೆ ಹೆದರಬೇಡಿ.

ನಿಜವಾದ ಭೇದಿಯಾಗಿದ್ದರೆ, ವೈದ್ಯರ ಬಳಿ ಹೋಗುವುದರ ಜೊತೆಗೆ ಮನೆಯಲ್ಲಿ ಎರಡು ವಿಷಯ ಹುಡುಕಿ. ಒಂದು, ಹಣ್ಣು ಎಷ್ಟು ಹೊತ್ತು ಪಂಜರದಲ್ಲಿತ್ತು ಎಂಬುದು. ನಮ್ಮ ಬೇಸಿಗೆಯಲ್ಲಿ ಕೊಯ್ದ ಹಣ್ಣು ಎರಡು ಗಂಟೆಯೊಳಗೆ ಹುಳಿಯತೊಡಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಾಕಿ ಸಂಜೆ ಬಂದು ತೆಗೆಯುವ ಮನೆಗಳಲ್ಲಿ ಭೇದಿ ಮತ್ತೆ ಮತ್ತೆ ಬರುತ್ತದೆ. ಎರಡು, ಕುಡಿಯುವ ನೀರು. ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಲ್ಲಿ ಮಲಪ್ರಭೆಯ ನೀರು ಹಲವು ದಿನಗಳಿಗೊಮ್ಮೆ ಬರುತ್ತದೆ, ನಾವು ತುಂಬಿಟ್ಟುಕೊಳ್ಳುತ್ತೇವೆ. ಡ್ರಮ್ಮಿನ ತಳದ ನೀರನ್ನು ಹಕ್ಕಿಯ ಬಟ್ಟಲಿಗೆ ಹಾಕಬೇಡಿ. ಕುದಿಸಿ ಆರಿಸಿದ್ದು ಕೊಡಿ, ದಿನಕ್ಕೆ ಎರಡು ಬಾರಿ ಬದಲಿಸಿ. ಹಣ್ಣಿನ ಚೂರು ನೀರಿನ ಬಟ್ಟಲಿಗೆ ಬಿದ್ದರೆ ಅದನ್ನು ಆಗಲೇ ಚೆಲ್ಲಿ ತೊಳೆಯಬೇಕು.

ಲಕ್ಷಣ: ಹಿಕ್ಕೆಯ ಬಣ್ಣ ಬದಲಾಗಿದೆ

ನಿನ್ನೆ ಏನು ತಿಂದಿತು ಎಂದು ನೆನಪಿಸಿಕೊಳ್ಳಿ. ನೇರಳೆ ಹಣ್ಣಿಗೆ ನೀಲಿಗಪ್ಪು, ದಾಳಿಂಬೆ ಮತ್ತು ಬೀಟ್‌ರೂಟಿಗೆ ಕೆಂಪು, ಪಪ್ಪಾಯಿಗೆ ಕಿತ್ತಳೆ ಬಣ್ಣ ಬರುತ್ತದೆ. ಹಣ್ಣು ನಿಲ್ಲಿಸಿದ ಮರುದಿನ ಹೋಗುವ ಬಣ್ಣಕ್ಕೆ ಚಿಂತೆ ಬೇಡ.

ಹೋಗದ ಬಣ್ಣಗಳಿಗೆ ಬೇರೆ ಅರ್ಥವಿದೆ. ಬಿಳಿ ಇರಬೇಕಾದ ಭಾಗ ಹಳದಿಯೋ ನಿಂಬೆ ಹಸಿರೋ ಆಗಿದ್ದರೆ ಯಕೃತ್ತಿಗೆ ತೊಂದರೆಯಾಗಿರಬಹುದು. ಗಿಳಿಜ್ವರ ಎನ್ನಿಸಿಕೊಳ್ಳುವ ಸಿಟ್ಟಕೋಸಿಸ್ ಸೋಂಕಿನಲ್ಲೂ ಹೀಗಾಗುತ್ತದೆ, ಅದು ಮನುಷ್ಯರಿಗೂ ಹರಡುತ್ತದೆ. ಒಣಗಿದ ಹಿಕ್ಕೆಯ ಧೂಳು ಉಸಿರಿನೊಳಗೆ ಹೋಗುವುದೇ ಅದರ ಮುಖ್ಯ ದಾರಿ. ಆದ್ದರಿಂದ ಕಾಗದಕ್ಕೆ ನೀರು ಚಿಮುಕಿಸಿ ನಂತರ ಮಡಚಿ ತೆಗೆಯಿರಿ, ಒಣ ಕಸಬರಿಗೆಯಿಂದ ಗುಡಿಸಬೇಡಿ, ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಒಣ ಕೆಮ್ಮು ಬಂದರೆ ಹಕ್ಕಿ ಸಾಕಿರುವುದನ್ನು ನಿಮ್ಮ ವೈದ್ಯರಿಗೆ ಹೇಳಲೇಬೇಕು.

ಕಡು ಹಸಿರು ಬಣ್ಣದ, ಬಹಳ ಸಣ್ಣ, ಎಣಿಕೆಗೆ ಕೆಲವೇ ಹಿಕ್ಕೆಗಳಿದ್ದರೆ ಹಕ್ಕಿ ಏನೂ ತಿನ್ನುತ್ತಿಲ್ಲ ಎಂದರ್ಥ. ಬಟ್ಟಲು ತುಂಬಿದೆಯಲ್ಲ ಎಂದು ಬಹಳ ಜನ ಮೋಸ ಹೋಗುವುದು ಇಲ್ಲೇ. ಈ ಹಕ್ಕಿಗಳು ನವಣೆಯ ಸಿಪ್ಪೆ ಬಿಡಿಸಿ ಒಳಗಿನ ಕಾಳು ಮಾತ್ರ ನುಂಗುತ್ತವೆ, ಸಿಪ್ಪೆ ಬಟ್ಟಲಿಗೇ ಬೀಳುತ್ತದೆ. ಬಟ್ಟಲಿನ ಮೇಲೆ ಮೆಲ್ಲಗೆ ಊದಿ ನೋಡಿ. ಎಲ್ಲವೂ ಹಾರಿ ಹೋದರೆ ಅದು ಬರೀ ಹೊಟ್ಟು, ಹಕ್ಕಿ ಹಸಿದಿದೆ. ಹಿಕ್ಕೆಯಲ್ಲಿ ಇಡೀ ಕಾಳು ಜೀರ್ಣವಾಗದೆ ಹಾಗೇ ಬರುತ್ತಿದ್ದರೆ ಅದು ಹೊಟ್ಟೆಯ ಕಾಯಿಲೆ, ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ, ವೈದ್ಯರಿಗೆ ತೋರಿಸಿ.

ಲಕ್ಷಣ: ಹಣ್ಣನ್ನು ಮುಟ್ಟುವುದೇ ಇಲ್ಲ

ಇದು ದೋಷವಲ್ಲ, ಪರಿಚಯದ ಕೊರತೆ. ಮರಿಯಿದ್ದಾಗಿನಿಂದ ನವಣೆ, ಸಜ್ಜೆ ಮಾತ್ರ ಕಂಡ ಬಜರಿಗಾರ್‌ಗೆ ಕೆಂಪು ಪಪ್ಪಾಯಿಯ ಹೋಳು ಆಹಾರವೆಂದೇ ಗೊತ್ತಿರುವುದಿಲ್ಲ, ಕೆಲವು ಅದನ್ನು ಕಂಡು ಹೆದರಿ ಮೂಲೆಗೆ ಸರಿಯುತ್ತವೆ. ತುರಿದ ಸೇಬನ್ನು ಕಾಳಿನ ಮೇಲೆ ಉದುರಿಸಿ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಪೇರಲದ ತೆಳು ಹೋಳನ್ನು ಕೋಲಿನ ಪಕ್ಕ ಸಿಕ್ಕಿಸಿ. ಅದರ ಎದುರಿಗೇ ಕುಳಿತು ನೀವೂ ತಿನ್ನಿ. ನಮ್ಮ ಮನೆಯ ಕಾಕಟೀಲ್ ಪೇರಲದ ರುಚಿ ನೋಡಲು ಏಳು ವಾರ ತೆಗೆದುಕೊಂಡಿತು, ಈಗ ಬೀಜದ ಭಾಗಕ್ಕೇ ಮೊದಲು ಕೊಕ್ಕು ಹಾಕುತ್ತದೆ. ಪೇರಲದ ಬೀಜದಿಂದ ತೊಂದರೆಯಿಲ್ಲ.

ಹಸಿವಾದರೆ ತಾನೇ ತಿನ್ನುತ್ತದೆ ಎಂದು ಕಾಳು ತೆಗೆದು ಹಣ್ಣು ಮಾತ್ರ ಇಡುವ ಪದ್ಧತಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. 35 ಗ್ರಾಂ ತೂಕದ ಹಕ್ಕಿ ಒಂದು ಇಡೀ ದಿನ ಉಪವಾಸವಿದ್ದರೆ ಪ್ರಾಣಕ್ಕೇ ಅಪಾಯ.

ಮೊದಲು ತಿನ್ನುತ್ತಿದ್ದ ಹಕ್ಕಿ ಈಗ ಹಣ್ಣು ಬಿಟ್ಟಿದೆ ಎಂದಾದರೆ ಅದು ಬೇರೆ ಸಂಗತಿ. ಮೊದಲು ಹಣ್ಣನ್ನು ನೀವೇ ರುಚಿ ನೋಡಿ. ನಂತರ ಹಕ್ಕಿಯ ತೂಕ ನೋಡಿ.

ಲಕ್ಷಣ: ಹಣ್ಣು ಮಾತ್ರ ಬೇಕು, ಕಾಳು ಬೇಡ

ಸಿಹಿಯ ಚಟ. ಇದಕ್ಕೆ ಹಕ್ಕಿಗಿಂತ ನಾವೇ ಹೊಣೆ. ಹಣ್ಣು ದಿನದ ಆಹಾರದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಾಗಬಾರದು. ಬಜರಿಗಾರ್‌ಗೆ ನಿಮ್ಮ ಹೆಬ್ಬೆರಳ ಉಗುರಿನಷ್ಟು ಚೂರು, ಕಾಕಟೀಲ್‌ಗೆ ಅದರ ಎರಡರಷ್ಟು, ವಾರದಲ್ಲಿ ಮೂರು ನಾಲ್ಕು ದಿನ ಸಾಕು. ದ್ರಾಕ್ಷಿ, ಚಿಕ್ಕು, ಬಾಳೆಹಣ್ಣಿನಲ್ಲಿ ಸಕ್ಕರೆ ಹೆಚ್ಚು, ಅವು ಅಪರೂಪಕ್ಕಿರಲಿ. ಪಪ್ಪಾಯಿ, ಮಾವಿನಂತಹ ಕಿತ್ತಳೆ ತಿರುಳಿನ ಹಣ್ಣಿನಿಂದ ದೇಹ ಎ ಜೀವಸತ್ವ ಮಾಡಿಕೊಳ್ಳುತ್ತದೆ, ಕಾಳು ಮಾತ್ರ ತಿನ್ನುವ ಹಕ್ಕಿಗಳಿಗೆ ಅದರ ಕೊರತೆಯೇ ಹೆಚ್ಚು. ಧಾರವಾಡದ ಆಪೂಸ್ ಬರುವ ಮೇ ತಿಂಗಳಲ್ಲಿ ಸಿಪ್ಪೆ ತೆಗೆದ ಸಣ್ಣ ಚೂರು ಕೊಡಿ, ಸಿಪ್ಪೆಯ ಸೊನೆ ಕೊಕ್ಕಿನ ಸುತ್ತ ತುರಿಕೆ ತರಬಹುದು.

ಕಾಳು ಬೆಳಿಗ್ಗೆ, ಹಣ್ಣು ಮಧ್ಯಾಹ್ನ ಎಂದು ಹೊತ್ತು ಕಟ್ಟಿಕೊಂಡರೆ ಚಟ ತಾನಾಗಿ ಇಳಿಯುತ್ತದೆ.

ಈ ಹಂತದಲ್ಲಿ ಅಡುಗೆಮನೆಯ ಒಂದು ಗ್ರಾಂ ನಿಖರತೆಯ ತಕ್ಕಡಿ ಬೇಕು. ಅದರ ಮೇಲೊಂದು ಸಣ್ಣ ಡಬ್ಬಿಯಿಟ್ಟು ಸೊನ್ನೆ ಮಾಡಿ, ಬೆಳಿಗ್ಗೆ ಕಾಳು ಹಾಕುವ ಮೊದಲು ಹಕ್ಕಿಯನ್ನು ತೂಗಿ ಬರೆದಿಡಿ. ಬಜರಿಗಾರ್ ಸಾಮಾನ್ಯವಾಗಿ 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ ತೂಗುತ್ತದೆ. 35 ಗ್ರಾಂ ಹಕ್ಕಿ 31ಕ್ಕೆ ಇಳಿದರೆ, 60 ಕಿಲೋ ಮನುಷ್ಯ ಆರೇಳು ಕಿಲೋ ಕಳೆದುಕೊಂಡ ಹಾಗೆ. ಗರಿಯ ಕೆಳಗೆ ಅದು ಕಣ್ಣಿಗೆ ಕಾಣುವುದಿಲ್ಲ. ಹತ್ತನೇ ಒಂದು ಭಾಗ ಇಳಿದರೆ ಬೇರೆ ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ.

ಲಕ್ಷಣ: ತಿಂದದ್ದನ್ನು ಕಕ್ಕುತ್ತಿದೆ

ತಲೆಯನ್ನು ತಾಳ ಹಾಕಿದಂತೆ ಮೇಲೆ ಕೆಳಗೆ ಆಡಿಸುತ್ತಾ ಜೋಡಿಗೋ ಕನ್ನಡಿಗೋ ನಿಮ್ಮ ಬೆರಳಿಗೋ ತಿನ್ನಿಸಲು ಬಂದರೆ ಅದು ಪ್ರೀತಿ. ಕನ್ನಡಿ ತೆಗೆದರೆ ನಿಲ್ಲುತ್ತದೆ. ತಲೆಯನ್ನು ಅತ್ತಿತ್ತ ಕೊಡವಿ ಎರಚುತ್ತಿದ್ದರೆ, ನೆತ್ತಿಯ ಗರಿಗಳು ಅಂಟಂಟಾಗಿದ್ದರೆ ಅದು ವಾಂತಿ. ಹುಳಿತ ಹಣ್ಣು, ಗಂಟಲಚೀಲದ ಸೋಂಕು, ವಿಷ, ಯಾವುದೂ ಇರಬಹುದು. ಕೊಕ್ಕಿನೊಳಗೆ ಬಿಳಿ ಪದರ ಕಂಡರೆ ಶಿಲೀಂಧ್ರವಾಗಿರಬಹುದು. ಡ್ರಾಪರಿನಿಂದ ಬಲವಂತವಾಗಿ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋದರೆ ಹಕ್ಕಿ ಉಳಿಯುವುದಿಲ್ಲ.

ಲಕ್ಷಣ: ಪಂಜರಕ್ಕೆ ಇರುವೆ ಮುತ್ತುತ್ತಿದೆ

ಹಣ್ಣಿನ ರಸ ತಟ್ಟೆಯಿಂದ ಸರಳಿಗೆ, ಸರಳಿನಿಂದ ಗೋಡೆಗೆ ಇಳಿದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪಂಜರದ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ. ಇರುವೆ ಚಾಕ್‌ಪೀಸಿನಿಂದ ಗೆರೆ ಎಳೆಯಬೇಡಿ, ಸ್ಪ್ರೇ ಹೊಡೆಯಬೇಡಿ. ಅದು ಕೀಟನಾಶಕ, ಪುಡಿ ಹಕ್ಕಿಯ ಕಾಲಿಗೆ ಮೆತ್ತಿ ಕೊಕ್ಕಿಗೆ ಹೋಗುತ್ತದೆ.

ಲಕ್ಷಣ: ಹಣ್ಣು ತಿಂದ ಕೆಲವೇ ಗಂಟೆಗಳಲ್ಲಿ ಮಂಕಾಯಿತು

ಇಲ್ಲಿ ಪರೀಕ್ಷೆಗೆ ಸಮಯವಿಲ್ಲ. ವೈದ್ಯರಿಗೆ ಫೋನ್ ಮಾಡುತ್ತಲೇ ಏನು ತಿಂದಿತು ಎಂದು ಯೋಚಿಸಿ.

ಬೆಣ್ಣೆಹಣ್ಣು ಎಲ್ಲಕ್ಕಿಂತ ಕೆಟ್ಟದ್ದು. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಯ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ, ಎರಡು ದಿನಗಳೊಳಗೆ ಸಾವು ಬರಬಹುದು. ನಮ್ಮ ಜ್ಯೂಸ್ ಅಂಗಡಿಗಳಲ್ಲೆಲ್ಲ ಈಗ ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್ ಸಿಗುತ್ತದೆ, ಮಕ್ಕಳು ಕೈಗೆ ಮೆತ್ತಿಕೊಂಡದ್ದನ್ನೇ ಹಕ್ಕಿಗೆ ನೆಕ್ಕಿಸುತ್ತಾರೆ. ಸೇಬು, ಪಿಯರ್ (ಮರಸೇಬು), ಪೀಚ್, ಪ್ಲಮ್ ಹಣ್ಣುಗಳ ಬೀಜವನ್ನು ಜಗಿದರೆ ಸಯನೈಡ್ ಬಿಡುಗಡೆಯಾಗುತ್ತದೆ, ಬೀಜ ತೆಗೆದು ತಿರುಳು ಕೊಡಿ. ಸೀತಾಫಲದ ಬೀಜವೂ ವಿಷಕಾರಿ.

ಹಣ್ಣಿಗಿಂತ ಹಣ್ಣಿನ ಮೇಲಿನದ್ದು ಕೊಲ್ಲುವುದೂ ಉಂಟು. ಗಾಡಿಯಲ್ಲಿ ಕೊಯ್ದು ಉಪ್ಪು ಖಾರ ಸವರಿದ ಪೇರಲವನ್ನು ಹಕ್ಕಿಗೆ ಕೊಡಬಾರದು. ಖಾರದಿಂದ ಅಪಾಯವಿಲ್ಲ, ಬ್ಯಾಡಗಿ ಮೆಣಸಿನಕಾಯಿಯನ್ನೇ ಕೊಟ್ಟರೂ ಹಕ್ಕಿಗೆ ಉರಿ ಗೊತ್ತಾಗುವುದಿಲ್ಲ. ಅಷ್ಟು ಸಣ್ಣ ಮೈಗೆ ಉಪ್ಪು ಮಾತ್ರ ವಿಷ. ಗಿರ್ಮಿಟ್ ತಟ್ಟೆಯಿಂದ ಎರಡು ಚುರುಮುರಿ ಹೆಕ್ಕಿ ಕೊಡುವವರೂ ನಿಲ್ಲಿಸಲಿ, ಅದರಲ್ಲಿ ಉಪ್ಪಿನ ಜೊತೆ ಹಕ್ಕಿಗೆ ಆಗದ ಈರುಳ್ಳಿಯೂ ಇದೆ. ದ್ರಾಕ್ಷಿಗೆ ಕೀಟನಾಶಕ ಹೊಡೆದಿರುತ್ತಾರೆ, ಗೊಂಚಲನ್ನು ಬಿಡಿಸಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೇಬಿನ ಮೇಣದ ಸಿಪ್ಪೆ ತೆಗೆಯಿರಿ. ಎಲ್ಲ ಕಡೆ ಒಂದೇ ಹಳದಿ, ಆದರೆ ಪರಿಮಳವಿಲ್ಲ, ಒಳಗೆ ಹುಳಿ ಇರುವ ಮಾವು ಕಾರ್ಬೈಡಿನಲ್ಲಿ ಹಣ್ಣಾದದ್ದಿರಬಹುದು. ಕಾನೂನು ಅದನ್ನು ನಿಷೇಧಿಸಿದೆ, ಆದರೂ ಬೇಸಿಗೆಯ ಆರಂಭದಲ್ಲಿ ಎಚ್ಚರವಿರಲಿ.

ಹಕ್ಕಿ ನಿಮಿಷಗಳಲ್ಲಿ ಬಿದ್ದುಹೋದರೆ ಹಣ್ಣನ್ನು ದೂರುವ ಮೊದಲು ಒಲೆ ನೋಡಿ. ನಾನ್‌ಸ್ಟಿಕ್ ಹಂಚು ಅತಿಯಾಗಿ ಕಾದಾಗ ಬರುವ ಹೊಗೆ ನಮಗೆ ಗೊತ್ತೇ ಆಗದಿದ್ದರೂ ಹಕ್ಕಿಯ ಶ್ವಾಸಕೋಶವನ್ನು ಸುಟ್ಟುಬಿಡುತ್ತದೆ. ಒಲೆ ಆರಿಸಿ, ಪಂಜರವನ್ನು ಕೂಡಲೇ ಹೊರಗಿನ ಗಾಳಿಗೆ ಒಯ್ಯಿರಿ.

ವೈದ್ಯರ ಬಳಿಗೆ ಹೊರಡುವಾಗ

ಎಲ್ಲ ಪಶು ಆಸ್ಪತ್ರೆಗಳಲ್ಲೂ ಪಂಜರದ ಹಕ್ಕಿ ನೋಡುವವರು ಇರುವುದಿಲ್ಲ, ಹಾಗಾಗಿ ಮೊದಲು ಫೋನ್ ಮಾಡಿ ಕೇಳಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಇದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಕಾಯಿಲೆ ಬಿದ್ದ ದಿನ ಹುಡುಕುವುದಕ್ಕಿಂತ ಇವತ್ತೇ ವಿಚಾರಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ.

ಸಣ್ಣ ರಟ್ಟಿನ ಪೆಟ್ಟಿಗೆಗೆ ಗಾಳಿಗೆ ತೂತು ಮಾಡಿ, ಒಳಗೆ ಹತ್ತಿ ಬಟ್ಟೆ ಹಾಸಿ, ಹಕ್ಕಿಯನ್ನು ಕತ್ತಲಲ್ಲಿ ಶಾಂತವಾಗಿ ಒಯ್ಯಿರಿ. ಕಾಯಿಲೆಯ ಹಕ್ಕಿಗೆ ಸುಮಾರು 30 ಡಿಗ್ರಿ ಬಿಸಿ ಹಿತ. ಡಿಸೆಂಬರಿನ ಧಾರವಾಡದ ಚಳಿಯಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಇಡಬೇಕಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಅದರ ಅಗತ್ಯವಿಲ್ಲ, ಬಸ್ಸಿನ ಕಿಟಕಿಯ ಬಿಸಿಲು ತಾಗದಂತೆ ನೋಡಿಕೊಂಡರೆ ಸಾಕು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ತೇಕುತ್ತಿದ್ದರೆ ಸೆಕೆ ಹೆಚ್ಚಾಗಿದೆ ಎಂದು ತಿಳಿಯಿರಿ.

ಪಂಜರದ ಕಾಗದವನ್ನು ಹಾಗೇ ಸುತ್ತಿ ಒಯ್ಯಿರಿ, ಒದ್ದೆಯಾಗಿರುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತೂಕ ಬರೆದ ಪುಸ್ತಕ ಜೊತೆಗಿರಲಿ. ಯಾವ ಹಣ್ಣು, ಎಷ್ಟು, ಎಷ್ಟು ಗಂಟೆಗೆ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ತಟ್ಟೆಯಲ್ಲಿ ಉಳಿದ ಚೂರಿದ್ದರೆ ಅದನ್ನೂ ಒಂದು ಡಬ್ಬಿಗೆ ಹಾಕಿಕೊಂಡು ಹೋಗಿ.